ಹದಿನೇಳರ ಮಗ್ಗಿ ತಪ್ಪುವ ವೇಗ

ಡಿಸೆಂಬರ್ 24ರ ಮಂಗಳವಾರ ಬೆಳಗಿನ ಐದೂವರೆಗೆ ಯಾದಗಿರಿಯ ನಮ್ಮ ಮನೆಯ ಬಾಗಿಲು ಎಳೆದುಕೊಂಡು ಹೊರಬಿದ್ದಾಗ ಓಣಿಯ ದೀಪಗಳು ಇನ್ನೂ ಉರಿಯುತ್ತಿದ್ದವು, ಚಹಾದಂಗಡಿಯವರು ಒಲೆ ಹಚ್ಚುವ ಸನ್ನಾಹದಲ್ಲಿದ್ದರು. ಆ ದಿನದಿಂದ ಎಳ್ಳಮಾವಾಸ್ಯೆಯ ಸೋಮವಾರದವರೆಗಿನ ಏಳು ದಿನಗಳಿಗೆ ನಾನು ಒಂದು ತಿಂಗಳ ಮೊದಲೇ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಸುತ್ತು ಹಾಕಿ ಇಟ್ಟಿದ್ದೆ. ಜನವರಿಯ ಕೊನೆಯಲ್ಲಿ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರಪರ್ವತವನ್ನು ಏರಬೇಕೆಂಬುದು ನನ್ನ ಬಹುದಿನಗಳ ಆಸೆ. ಅದರ ನೆತ್ತಿ ಸಮುದ್ರಮಟ್ಟದಿಂದ 1,712 ಮೀಟರ್ ಎತ್ತರದಲ್ಲಿದೆ, ಬುಡದ ಕುಕ್ಕೆಯಾದರೋ ಆ ಎತ್ತರದ ಹತ್ತನೆಯ ಒಂದು ಪಾಲನ್ನೂ ಮುಟ್ಟುವುದಿಲ್ಲ. ಅಂದರೆ ಸಾವಿರದ ಐನೂರು ಮೀಟರಿಗೂ ಮಿಕ್ಕಿದ ಏರನ್ನು ಹತ್ತಿ, ಅಷ್ಟನ್ನೇ ಇಳಿಯಬೇಕು. ಬಯಲುಸೀಮೆಯಲ್ಲಿ ಕುಳಿತು ಬೆಟ್ಟದ ಅಭ್ಯಾಸ ಹೇಗೆ ಸಾಧ್ಯವೆಂದು ಶಾಲೆಯಲ್ಲಿ ಸಹೋದ್ಯೋಗಿಗಳು ಕೇಳಿದರು. ಊರಿನ ಹೆಸರಿನಲ್ಲೇ ಗಿರಿ ಇರುವಾಗ ಆ ಪ್ರಶ್ನೆ ನನಗೆ ಅಷ್ಟು ಸರಿಯೆನಿಸಲಿಲ್ಲ.

ಮಂಗಳವಾರದ್ದು ನಿಧಾನದ ಓಟ. ಊರು ದಾಟಿ ಭೀಮಾ ನದಿಯ ಕಡೆಗೆ ಹೋಗಿ ಹಿಂದಿರುಗುವ ಒಂಬತ್ತು ಕಿಲೋಮೀಟರಿನ ದಾರಿಯನ್ನು ಕಿಲೋಮೀಟರಿಗೆ ಏಳೂಕಾಲು ನಿಮಿಷದಂತೆ ಓಡಿದೆ. ದೂರದ ಓಟದ ಅಭ್ಯಾಸದಲ್ಲಿ ವಾರದ ಹೆಚ್ಚಿನ ಪಾಲು ಹೀಗೆ ನಿಧಾನವಾಗಿಯೇ ಇರಬೇಕೆಂಬುದನ್ನು ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು. ಉಸಿರು ಕಟ್ಟದೆ ಒಂದು ಪೂರ್ಣ ವಾಕ್ಯವನ್ನು ಆಡಲು ಬರುವಷ್ಟು ವೇಗದಲ್ಲಿ ಓಡಿದರೆ ಹೃದಯವೂ ಸ್ನಾಯುಗಳೂ ದೀರ್ಘಕಾಲದ ಶ್ರಮಕ್ಕೆ ಒಗ್ಗುತ್ತವೆ, ಮರುದಿನದ ಕೆಲಸಕ್ಕೆ ಶಕ್ತಿಯೂ ಉಳಿಯುತ್ತದೆ. ಓಟಗಾರರು ಇದನ್ನು ಮಾತಿನ ಪರೀಕ್ಷೆ ಎನ್ನುತ್ತಾರೆ. ಒಬ್ಬಳೇ ಓಡುವಾಗ ಮಾತಾಡಲು ಜೊತೆಯಿಲ್ಲದ ಕಾರಣ ನಾನು ಹದಿನೇಳರ ಮಗ್ಗಿಯನ್ನು ಹೇಳಿಕೊಳ್ಳುತ್ತೇನೆ. ಗಣಿತದ ಶಿಕ್ಷಕಿಯಾದುದರಿಂದ ಹನ್ನೆರಡರ ಮಗ್ಗಿ, ಹದಿನೈದರ ಮಗ್ಗಿ ನನ್ನ ನಾಲಿಗೆಯ ಮೇಲೆ ತಾವಾಗಿಯೇ ಉರುಳುತ್ತವೆ, ಅದಕ್ಕೆ ತಲೆ ಬೇಕಾಗುವುದಿಲ್ಲ. ಹದಿನೇಳರದು ಎಷ್ಟು ವರ್ಷ ಹೇಳಿದರೂ ನಡುವೆ ಒಂದೆರಡು ಕಡೆ ಲೆಕ್ಕ ಹಾಕಿಸುತ್ತದೆ. ಆದ್ದರಿಂದ ಉಸಿರಿನ ಜೊತೆಗೆ ತಲೆ ಎಷ್ಟು ತಿಳಿಯಾಗಿದೆ ಎಂಬುದನ್ನೂ ಅದು ಹೇಳುತ್ತದೆ. ಆ ದಿನ ಒಂಬತ್ತು ಕಿಲೋಮೀಟರಿನ ಉದ್ದಕ್ಕೂ ಮಗ್ಗಿ ಒಂದೇ ಒಂದು ಸಲವೂ ತಪ್ಪಲಿಲ್ಲ.

ತಲೆಯ ತಿಳಿ ನನಗೆ ಇಷ್ಟು ಮುಖ್ಯವಾಗಲು ಕಾರಣ ಓರಿಯೆಂಟಿಯರಿಂಗ್. ನಕ್ಷೆ ಮತ್ತು ದಿಕ್ಸೂಚಿ ಹಿಡಿದುಕೊಂಡು, ನೆಲದ ಮೇಲೆ ಅಲ್ಲಲ್ಲಿ ಇರಿಸಿದ ಗುರುತುಗಳನ್ನು ಕ್ರಮವಾಗಿ ಹುಡುಕುತ್ತ, ಎರಡು ಗುರುತುಗಳ ನಡುವಿನ ದಾರಿಯನ್ನು ತಾವೇ ಆರಿಸಿಕೊಂಡು ಓಡುವ ಈ ಕ್ರೀಡೆ ಸ್ವೀಡನ್ ಮತ್ತು ನಾರ್ವೆಗಳಲ್ಲಿ ಬೆಳೆದದ್ದು. ಅದರ ಹೆಸರು 1886ರಲ್ಲಿ ಸ್ವೀಡನ್ನಿನ ಸೈನಿಕ ಶಾಲೆಯೊಂದರಲ್ಲಿ ಬಳಕೆಗೆ ಬಂದಿತು; 1897ರಲ್ಲಿ ನಾರ್ವೆಯಲ್ಲಿ ಸಾರ್ವಜನಿಕರಿಗಾಗಿ ಮೊದಲ ಸ್ಪರ್ಧೆ ನಡೆಯಿತು; ಅರ್ನ್ಸ್ಟ್ ಕಿಲ್ಲಾಂಡರ್ ಎಂಬ ಸ್ವೀಡನ್ನಿನ ಸೇನಾಧಿಕಾರಿ 1919ರಲ್ಲಿ ಸ್ಟಾಕ್‌ಹೋಮಿನ ಬಳಿ ಏರ್ಪಡಿಸಿದ ಸ್ಪರ್ಧೆಯಿಂದ ಅದು ಜನಪ್ರಿಯವಾಯಿತು. ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು 1961ರಲ್ಲಿ. ನನಗೆ ಇದರ ಬೀಜ ಬಿದ್ದದ್ದು ಕಾಲೇಜಿನ ಎನ್‌ಸಿಸಿ ಶಿಬಿರದ ನಕ್ಷೆ ಓದುವ ತರಗತಿಯಲ್ಲಿ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಸಿದ್ಧ ನಕ್ಷೆಯೂ ಇಲ್ಲ, ಜೊತೆಗಾರರೂ ಕಡಿಮೆ. ಆದ ಕಾರಣ ನಮ್ಮ ಮನೆಯಲ್ಲಿದ್ದು ಪೊಲೀಸ್ ನೇಮಕಾತಿಗೆ ತಯಾರಿ ನಡೆಸುತ್ತಿರುವ ತಂಗಿಯ ಮಗನೇ ನನ್ನ ಜೊತೆಗಾರ, ನಕ್ಷೆ ಬರೆಯುವವಳು ನಾನೇ.

ನಕ್ಷೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಆ ವಾರದ ತಪ್ಪಿನ ಬೇರು ಅಲ್ಲಿಯೇ ಇತ್ತು. ಸರ್ವೇ ಆಫ್ ಇಂಡಿಯಾದ ಹಾಳೆಗಳಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲಿನ 500 ಮೀಟರ್, ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ನಡುವಿನ ಎತ್ತರ 20 ಮೀಟರ್. ಅವನ್ನು ನಾನು ಹಗುರವಾಗಿ ಕಾಣಲಾರೆ. ನನ್ನ ತವರು ಬೀದರ; ದೇಶವನ್ನು ಅಳೆಯಲು ಮದ್ರಾಸಿನಲ್ಲಿ 1802ರಲ್ಲಿ ಶುರುವಾದ ಮಹಾ ತ್ರಿಕೋನಮಿತಿ ಮೋಜಣಿಯು ಉತ್ತರಕ್ಕೆ ಸಾಗುತ್ತ ಬಂದಾಗ ವಿಲಿಯಂ ಲ್ಯಾಂಬ್ಟನ್ನರ ತಂಡ 1815ರಲ್ಲಿ ಬೀದರಿನ ಸಮೀಪದ ಬಯಲಿನಲ್ಲಿ ಉಕ್ಕಿನ ಸರಪಳಿಯಿಂದ ಆಧಾರರೇಖೆಯನ್ನು ಅಳೆದಿತ್ತು. ಒಂದೇ ಒಂದು ಗೆರೆಯನ್ನು ಅತಿ ಎಚ್ಚರದಿಂದ ಅಳೆದು, ಉಳಿದ ನೂರಾರು ಮೈಲಿಗಳನ್ನು ಕೋನಗಳ ಲೆಕ್ಕದಿಂದಲೇ ಪಡೆದ ಆ ಕೆಲಸವನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಹೇಳುವಾಗ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಆದರೆ ಓರಿಯೆಂಟಿಯರಿಂಗಿಗೆ ಆ ಹಾಳೆ ಸಾಲದು. ಹದಿನೈದು ಮೀಟರ್ ಎತ್ತರದ ಒಂದು ಬಂಡೆಗುಡ್ಡ ಎರಡು ರೇಖೆಗಳ ನಡುವೆ ಗುರುತೇ ಇಲ್ಲದಂತೆ ಅಡಗಿಬಿಡುತ್ತದೆ, ನಮ್ಮ ಶಹಾಪುರ, ಸುರಪುರಗಳ ಗುಡ್ಡಗಳಲ್ಲಿ ನೋಡಬೇಕಾದದ್ದೆಲ್ಲ ಇರುವುದೇ ಆ ಹದಿನೈದು ಮೀಟರಿನೊಳಗೆ. ಎರಡೂವರೆ ಶತಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್ ಶಿಲೆ ಸೀಳುಗಳ ಗುಂಟ ಸವೆಯುತ್ತ ಬಂದು ಒಂದರ ಮೇಲೊಂದು ಪೇರಿಸಿಟ್ಟ ಗುಂಡುಗಳಾಗಿ ನಿಂತಿದೆ.

ಹೀಗಾಗಿ ಉಪಗ್ರಹ ಚಿತ್ರವನ್ನು ದೊಡ್ಡದು ಮಾಡಿ ಅಚ್ಚು ಹಾಕಿಸಿಕೊಂಡು, ಅದರ ಮೇಲೆ ಟ್ರೇಸಿಂಗ್ ಕಾಗದ ಹಾಸಿ, ಅಕ್ಟೋಬರಿನಿಂದ ಎಷ್ಟೋ ಭಾನುವಾರಗಳನ್ನು ಕಳೆದು, ಶಹಾಪುರದ ಆಚೆಯ ಒಂದು ಗುಡ್ಡಸಾಲಿನ ನಕ್ಷೆಯನ್ನು ಒಂದಕ್ಕೆ ಹತ್ತು ಸಾವಿರದ ಪ್ರಮಾಣದಲ್ಲಿ ಬರೆದೆ. ಇದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೂರು ಮೀಟರ್. ಬಂಡೆಗೆ ಕಪ್ಪು ಚುಕ್ಕೆ, ನೆಲದ ಏರಿಳಿತಕ್ಕೆ ಕಂದು ಗೆರೆ, ನೀರಿಗೆ ನೀಲಿ, ದಟ್ಟ ಗಿಡಗಂಟಿಗೆ ಹಸಿರು, ಬಯಲಿಗೆ ಹಳದಿ ಎಂಬುದು ಈ ಕ್ರೀಡೆಯ ನಕ್ಷೆಗಳ ಸಾಮಾನ್ಯ ನಿಯಮ. ಉತ್ತರ ಯುರೋಪಿನ ನಕ್ಷೆಗಳಲ್ಲಿ ಬಿಳಿ ಬಣ್ಣವೇ ಹೆಚ್ಚು, ಅದು ಸರಾಗವಾಗಿ ಓಡಬಹುದಾದ ಕಾಡು. ನಮ್ಮ ಗುಡ್ಡದ ನಕ್ಷೆಯಲ್ಲಿ ಬಿಳಿಗೆ ಜಾಗವೇ ಸಿಗಲಿಲ್ಲ. ಕಲ್ಲಿನ ಬಯಲು ಹಳದಿಯಾಯಿತು, ಬಳ್ಳಾರಿ ಜಾಲಿ ಹಬ್ಬಿದ ಕಡೆಯೆಲ್ಲ ಹಸಿರಾಯಿತು. ಆ ಹಸಿರಿನೊಳಗೆ ಒಮ್ಮೆ ಹೊಕ್ಕರೆ ಮುಳ್ಳು ಶೂವಿನ ಅಟ್ಟೆಯನ್ನೂ ದಾಟಿ ಬರುತ್ತದೆ. ನಕ್ಷೆಯ ಬಣ್ಣಗಳ ಅರ್ಥವನ್ನು ಅಂಗಾಲಿನಿಂದ ಕಲಿತವರು ಅದನ್ನು ಮರೆಯಲಾರರು.

ಗುರುತಿನ ಬಾವುಟಗಳನ್ನು ನಾನೇ ಹೊಲಿದೆ. ನಿಯಮದ ಪ್ರಕಾರ ಮೂವತ್ತು ಸೆಂಟಿಮೀಟರಿನ ಚೌಕ, ಕರ್ಣದ ಗುಂಟ ಅರ್ಧ ಬಿಳಿ, ಅರ್ಧ ಕೇಸರಿ. ಅಂಥ ಮೂರು ಚೌಕಗಳನ್ನು ಅಂಚಿಗೆ ಅಂಚು ಕೂಡಿಸಿದರೆ ಯಾವ ಕಡೆಯಿಂದ ಬಂದರೂ ಕಾಣುವ ಮುಮ್ಮೂಲೆಯ ಗೂಡಾಗುತ್ತದೆ. ಬಿಳಿಗೆ ಮನೆಯವರ ಹಳೆಯ ಧೋತರ, ಕೇಸರಿಗೆ ಅಂಗಡಿಯಲ್ಲಿ ಕೊಂಡ ಎರಡು ಮೀಟರ್ ಪಾಪ್ಲಿನ್. ಆರು ಗುರುತುಗಳಿಗೆ ಹದಿನೆಂಟು ಚೌಕ, ಮೂವತ್ತಾರು ತ್ರಿಕೋನ. ಮೇಲಿನ ಅಂಚಿನೊಳಗೆ ಬಳೆಯಂತೆ ಬಾಗಿಸಿದ ತಂತಿಯನ್ನು ಸೇರಿಸಿ ಹೊಲಿದಿದ್ದರಿಂದ ಗಾಳಿಗೆ ಮಡಚಿಕೊಳ್ಳದೆ ನೇತಾಡುತ್ತಿದ್ದವು.

ಬುಧವಾರ ಕ್ರಿಸ್‌ಮಸ್ ರಜೆ. ಹುಡುಗ ಮೊದಲನೆಯ ಬಸ್ಸಿಗೆ ಹೋಗಿ ನಕ್ಷೆಯಲ್ಲಿ ತಾನೇ ಆರಿಸಿಕೊಂಡ ಆರು ಕಡೆ ಬಾವುಟ ಕಟ್ಟಿ ಮುಗಿಸುವ ಹೊತ್ತಿಗೆ ನಾನು ಎರಡನೆಯ ಬಸ್ಸಿಗೆ ಹೋಗಿ ತಲುಪಿದೆ. ಚೀಲದಲ್ಲಿ ನೀರು, ಶೇಂಗಾ ಉಂಡಿ, ಸೀಟಿ, ಗಾಯಕ್ಕೆ ಕಟ್ಟುವ ಬಟ್ಟೆ ಮತ್ತು ಆಫ್ ಮಾಡಿಟ್ಟ ಮೊಬೈಲ್ ಇದ್ದವು. ಎರಡು ತಾಸಿನೊಳಗೆ ನಾನು ಹಿಂತಿರುಗದಿದ್ದರೆ ಅವನು ಒಂದನೆಯ ಗುರುತಿನಿಂದ ಹುಡುಕುತ್ತ ಬರುವುದೆಂದು ಮಾತಾಗಿತ್ತು. ಗುಡ್ಡದಲ್ಲಿ ಒಂಟಿಯಾಗಿ ಅಭ್ಯಾಸ ಮಾಡುವ ಯಾರೇ ಆಗಲಿ ಇಂಥ ಒಂದು ಕರಾರಿಲ್ಲದೆ ಹೊರಡಬಾರದೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮೊದಲ ಮೂರು ಗುರುತುಗಳು ಕೈ ಚಾಚಿದಲ್ಲಿ ಸಿಕ್ಕವು. ನಕ್ಷೆಯನ್ನು ದಿಕ್ಸೂಚಿಯ ಮುಳ್ಳಿಗೆ ಹೊಂದಿಸಿ ತಿರುಗಿಸಿ ಹಿಡಿದು, ನಾನಿರುವ ಜಾಗದ ಮೇಲೆ ಹೆಬ್ಬೆರಳನ್ನು ಇಟ್ಟುಕೊಂಡು, ಮುಂದೆ ಸಾಗಿದಂತೆ ಹೆಬ್ಬೆರಳನ್ನೂ ಸರಿಸುತ್ತ ಹೋಗುವುದು ಈ ವಿದ್ಯೆಯ ಮೊದಲ ಪಾಠ. ಮೂರನೆಯದು ಪಡುವಣ ಗುಡ್ಡದ ನೆತ್ತಿಯ ಮೇಲಿತ್ತು. ಅಲ್ಲಿ ನಿಂತು ಗಡಿಯಾರ ನೋಡಿದಾಗ ನಾನು ಅಂದುಕೊಂಡದ್ದಕ್ಕಿಂತ ಆರು ನಿಮಿಷ ಮುಂದಿದ್ದೆ. ಸಂತೋಷವಾಯಿತು, ಆ ಸಂತೋಷದಲ್ಲಿಯೇ ಕೆಳಕ್ಕೆ ಓಡಿದೆ.

ನಾಲ್ಕನೆಯ ಗುರುತು ಆಗ್ನೇಯಕ್ಕೆ 380 ಮೀಟರ್ ದೂರದ ಒಂದು ಹಳ್ಳದ ತಗ್ಗಿನಲ್ಲಿ, ದೊಡ್ಡ ಬಂಡೆಯೊಂದರ ಮೂಡಣ ಮಗ್ಗುಲಿಗೆ ಇತ್ತು. ಕಲ್ಲುನೆಲದಲ್ಲಿ ನಿಧಾನವಾಗಿ ಓಡುವಾಗ ನನಗೆ ನೂರು ಮೀಟರಿಗೆ ಐವತ್ತೆಂಟು ಜೋಡಿಹೆಜ್ಜೆ ಬೀಳುತ್ತವೆ. ಆ ಲೆಕ್ಕಕ್ಕೆ ಸುಮಾರು ಇನ್ನೂರ ಇಪ್ಪತ್ತು ಜೋಡಿಹೆಜ್ಜೆ ಹಾಕಬೇಕಿತ್ತು. ಎಣಿಕೆ ನೂರ ಮೂವತ್ತರ ಹತ್ತಿರ ಬಂದಾಗ ಕಣ್ಣೆದುರಿಗೆ ಒಂದು ಹಳ್ಳ ತೆರೆದುಕೊಂಡಿತು, ಅದರ ನಡುವೆ ದೊಡ್ಡ ಬಂಡೆ, ಬಂಡೆಯ ಪಕ್ಕದಲ್ಲಿ ಜಾಲಿಯ ಮೆಳೆ. ನಕ್ಷೆಯಲ್ಲಿದ್ದದ್ದೂ ಅದೇ. ಎಣಿಸುವುದನ್ನು ಬಿಟ್ಟು ಬಂಡೆಯ ಮೂಡಣ ಮಗ್ಗುಲಿಗೆ ಹೋದೆ, ಬಾವುಟ ಇರಲಿಲ್ಲ.

ಅಲ್ಲಿಂದ ಮುಂದಿನ ಹದಿನೆಂಟು ನಿಮಿಷಗಳಲ್ಲಿ ನಾನು ಮಾಡಿದ್ದನ್ನು ಆಮೇಲೆ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಮೊದಲು ಬಂಡೆಯ ಸುತ್ತ ಎರಡು ಸಲ ಸುತ್ತಿದೆ. ಗಾಳಿಗೆ ಹಾರಿಹೋಗಿರಬೇಕೆಂದು ಜಾಲಿಯ ಬುಡದಲ್ಲಿ ಹುಡುಕಿದೆ. ಹುಡುಗನೇ ತಪ್ಪು ಕಡೆ ಕಟ್ಟಿರಬೇಕೆಂದು ಅವನ ಮೇಲೆ ಸಿಟ್ಟಾದೆ. ನಕ್ಷೆಯಲ್ಲಿ ಬಂಡೆಯ ಪಕ್ಕಕ್ಕೆ ಇನ್ನೊಂದು ಚಿಕ್ಕ ಚುಕ್ಕೆ ಇತ್ತು, ನೆಲದ ಮೇಲೆ ಇರಲಿಲ್ಲ; ಅದನ್ನು ಬರೆಯುವಾಗ ನಾನೇ ಎಡವಿರಬೇಕೆಂದು ಸಮಾಧಾನ ಹೇಳಿಕೊಂಡೆ. ಹಳ್ಳ ಮೂಡಣಕ್ಕೆ ಹರಿಯುವ ಬದಲು ಈಶಾನ್ಯಕ್ಕೆ ತಿರುಗಿತ್ತು, ದಿಕ್ಸೂಚಿ ನನ್ನ ಕೈಯಲ್ಲೇ ಇತ್ತು, ಆದರೂ ನೋಡಲಿಲ್ಲ. ಎಲ್ಲಕ್ಕಿಂತ ದೊಡ್ಡ ಸಾಕ್ಷಿಯೆಂದರೆ ಮೂರರಿಂದ ನಾಲ್ಕಕ್ಕೆ ಹೋಗುವ ದಾರಿಯಲ್ಲಿ ಕಂದು ಗೆರೆಗಳು ಒಮ್ಮೆ ಇಳಿದು, ಒಂದು ದಿನ್ನೆ ಏರಿ, ಮತ್ತೆ ಇಳಿಯುತ್ತಿದ್ದವು. ನನ್ನ ಕಾಲಿಗೆ ಒಂದೂ ಏರು ಸಿಕ್ಕಿರಲಿಲ್ಲ. ಅಕ್ಕಪಕ್ಕದಲ್ಲಿ ಒಂದೇ ತೆರನಾಗಿರುವ ಎರಡು ಜಾಗಗಳಲ್ಲಿ ಒಂದನ್ನು ಇನ್ನೊಂದೆಂದು ತಿಳಿಯುವ ಈ ತಪ್ಪು ಓರಿಯೆಂಟಿಯರಿಂಗಿನಲ್ಲಿ ಬಹಳ ಸಾಮಾನ್ಯವಾದದ್ದು, ಅದರ ಬಗ್ಗೆ ನಾನು ಓದಿದ್ದೆ, ಹುಡುಗನಿಗೆ ಪಾಠವನ್ನೂ ಹೇಳಿದ್ದೆ. ಒಮ್ಮೆ ಇದೇ ಜಾಗವೆಂದು ಮನಸ್ಸು ಹಿಡಿದುಬಿಟ್ಟರೆ ಅದಕ್ಕೆ ಒಪ್ಪದ ಗುರುತುಗಳನ್ನೆಲ್ಲ ಒಂದೊಂದಾಗಿ ತಳ್ಳಿಹಾಕುವ ಕೆಲಸವನ್ನು ಅದು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತದೆಂಬುದು ಅಂದು ಗೊತ್ತಾಯಿತು.

ಹಳ್ಳದ ಮೇಲಿನ ಅಂಚಿನಲ್ಲಿ ಕುರಿಗಳ ಹಿಂಡೊಂದು ಬಂದಿತು, ಅದರ ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ವಯಸ್ಸಾದವರೊಬ್ಬರು.

"ಏನ್ ಹುಡ್ಕಲತ್ತಿ ಯವ್ವಾ? ಕುರಿಗಿರಿ ತಪ್ಪಿಸ್ಕೊಂಡದೇನು?"

"ಕುರಿ ಅಲ್ಲ ಕಾಕಾ. ಒಂದು ಬಟ್ಟಿ ಕಟ್ಟೀವಿ, ಕೇಸರಿ ಬಿಳಿ ಬಣ್ಣದ್ದು. ಇದೇ ಹಳ್ಳದಾಗ ಇರಬೇಕಿತ್ತು."

"ಅದು ಕೆರಿ ಹಳ್ಳದಾಗ ಅದ. ಯಾರೋ ಹರಕಿ ಕಟ್ಟ್ಯಾರಂತ ತಿಳದು ನಾ ಮುಟ್ಟಲಿಲ್ಲ."

"ಕೆರಿ ಹಳ್ಳ ಅಂದ್ರ ಯಾವುದು ಕಾಕಾ?"

"ಈ ಹಳ್ಳದ ನೀರು ಹೊಲದಾಗ ಹೋಗಿ ಇಂಗಿ ಹೋಗ್ತದ. ಆ ದಿನ್ನಿ ಆಚೀಗಿನ ಹಳ್ಳದ್ದು ಕೆರಿಗಿ ಹೋಗ್ತದ. ಅದೇ ಕೆರಿ ಹಳ್ಳ."

ದಿನ್ನೆ ಹತ್ತಿ ಇಳಿದಾಗ ಬಾವುಟ ಕಂಡಿತು, ಮೂಡಣಕ್ಕೆ ನೆಟ್ಟಗೆ ಹರಿಯುವ ಹಳ್ಳ, ದೊಡ್ಡ ಬಂಡೆ, ಅದರ ಪಕ್ಕಕ್ಕೆ ನಾನು ಬರೆದಿದ್ದ ಚಿಕ್ಕ ಗುಂಡು. ನಾನು ಹುಡುಕುತ್ತಿದ್ದ ಜಾಗ ಅಲ್ಲಿಂದ ನೂರೈವತ್ತು ಮೀಟರ್ ದೂರ. ಬಟ್ಟೆಯ ಕೆಳಗೆ ಯಾರೋ ಒಂದು ಚಿಕ್ಕ ಕಲ್ಲಿನ ಮೇಲೆ ಇನ್ನೊಂದು ಕಲ್ಲನ್ನು ಇಟ್ಟಿದ್ದರು. ಅದನ್ನು ಹಾಗೆಯೇ ಬಿಟ್ಟು ಮುಂದಕ್ಕೆ ಹೋದೆ.

ಐದು ಮತ್ತು ಆರನೆಯದಕ್ಕೆ ಬಹುಪಾಲು ನಡೆದೇ ಹೋದೆ. ಕೊನೆಯಲ್ಲಿ ಕಾಯುತ್ತಿದ್ದ ಹುಡುಗ, "ದೊಡ್ಡವ್ವ, ಇನ್ನ ಹತ್ತು ನಿಮಿಷ ನೋಡಿ ನಾ ಹುಡುಕ್ಕೊಂಡು ಬರಾಂವ ಇದ್ದೆ" ಎಂದ. ನಾಲ್ಕನೆಯದರ ಕಥೆ ಹೇಳಿದ ಮೇಲೆ ಅವನು ಕೇಳಿದ ಪ್ರಶ್ನೆ ಒಂದೇ: ನೆತ್ತಿಯಿಂದ ಇಳಿಯುವಾಗ ಮಗ್ಗಿ ಹೇಳಿದ್ದಿರಾ? ಹೇಳಿರಲಿಲ್ಲ. ಹೇಳಲು ಉಸಿರೇ ಇರಲಿಲ್ಲ.

ಗುರುವಾರ ತೊಡೆಯ ಮುಂಭಾಗ ನೋಯುತ್ತಿತ್ತು, ಶಾಲೆಯ ಮೆಟ್ಟಿಲು ಇಳಿಯುವಾಗ ಕಟಕಟೆ ಹಿಡಿದುಕೊಂಡೆ. ಓಡಲಿಲ್ಲ.

ಶುಕ್ರವಾರ ಬೆಳಗ್ಗೆ ಮೈದಾನಕ್ಕೆ ಹೋದೆವು. ನಸುಕಿನಲ್ಲಿ ಅಲ್ಲಿ ಪೊಲೀಸ್ ನೇಮಕಾತಿಗೆ ತಯಾರಾಗುವ ಹುಡುಗ ಹುಡುಗಿಯರ ದಂಡೇ ಇರುತ್ತದೆ. ಕಾನ್‌ಸ್ಟೇಬಲ್ ಹುದ್ದೆಗೆ ಹುಡುಗರು 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಆ ಮಕ್ಕಳ ಶಿಸ್ತು ದೊಡ್ಡದು. ಹಲವರು ಸುತ್ತಲಿನ ಹಳ್ಳಿಗಳಿಂದ ಕತ್ತಲಲ್ಲೇ ಸೈಕಲ್ ತುಳಿದುಕೊಂಡು ಬರುತ್ತಾರೆ, ಕೆಲವರ ಕಾಲಿಗೆ ಶೂ ಇಲ್ಲ. ಅವರ ಬೆನ್ನಿಗೆ ನಾನು 800 ಮೀಟರಿನ ಆರು ವೇಗದ ಓಟಗಳನ್ನು ಓಡಿದೆ, ಒಂದೊಂದಕ್ಕೂ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿನಂತೆ, ನಡುವೆ ಎರಡೂವರೆ ನಿಮಿಷದ ನಡಿಗೆ. ಪ್ರತಿ ಓಟ ಮುಗಿದ ಕೂಡಲೇ ಹುಡುಗನ ಎದುರು ಮಗ್ಗಿ ಒಪ್ಪಿಸಬೇಕು, ಅವನು ಗಡಿಯಾರ ಹಿಡಿದು ಬರೆದುಕೊಳ್ಳಬೇಕು. ಮೊದಲನೆಯದಕ್ಕೆ ಇಪ್ಪತ್ತೆರಡು ಸೆಕೆಂಡು ಹಿಡಿಯಿತು, ಮೂರನೆಯದಕ್ಕೆ ಮೂವತ್ತೊಂದು. ನಾಲ್ಕನೆಯ ಓಟದ ನಂತರ "ಹದಿನೇಳ ಏಳ್ಲೆ ನೂರಾ ಇಪ್ಪತ್ತೊಂಬತ್ತು" ಎಂದುಬಿಟ್ಟೆ, ತಪ್ಪಿದ್ದು ನನಗೆ ತಿಳಿಯಲೇ ಇಲ್ಲ; ಅವನು ಹೇಳಿದ ಮೇಲೆ ಮತ್ತೊಮ್ಮೆ ಹೇಳಿದಾಗಲೂ ಅದೇ ಬಂದಿತು. ಕಾಲು ಇನ್ನೂ ಎರಡು ಓಟಗಳಿಗೆ ಸಿದ್ಧವಾಗಿದ್ದವು, ಅವನ್ನು ಅದೇ ವೇಗದಲ್ಲಿ ಓಡಿಯೂ ಓಡಿದೆ. ತಲೆ ಮಾತ್ರ ಕಾಲಿಗಿಂತ ಎರಡು ಓಟ ಮೊದಲೇ ಸೋತಿತ್ತು, ಮತ್ತು ಸೋತ ಸುದ್ದಿಯನ್ನು ಅದು ನನಗೆ ಹೇಳಿರಲಿಲ್ಲ.

ಬುಧವಾರ ಗುಡ್ಡದ ನೆತ್ತಿಯಿಂದ ನಾನು ಇಳಿದದ್ದು ಇದೇ ಸ್ಥಿತಿಯಲ್ಲಿ. ಬೆಟ್ಟ ಹತ್ತುವವರು ಕಾಲಿನ ಬಲ, ಎದೆಯ ಬಲಗಳ ಬಗ್ಗೆ ಬಹಳ ಯೋಚಿಸುತ್ತಾರೆ, ತಿಂಗಳುಗಟ್ಟಲೆ ಅದಕ್ಕಾಗಿ ದುಡಿಯುತ್ತಾರೆ. ದಣಿದ ಹೊತ್ತಿನಲ್ಲಿ ಸರಿಯಾಗಿ ನೋಡುವ ಅಭ್ಯಾಸವನ್ನು ಬೇರೆಯಾಗಿ ಮಾಡಬೇಕೆಂದು ಮಾತ್ರ ಹೆಚ್ಚಿನವರಿಗೆ ತೋರುವುದಿಲ್ಲ, ನನಗೂ ತೋರಿರಲಿಲ್ಲ. ಕುಮಾರಪರ್ವತದಂಥ ಕಡೆ ಇಳಿಯುವ ದಾರಿಯಲ್ಲಿ, ಮಧ್ಯಾಹ್ನದ ಹೊತ್ತಿಗೆ, ನೀರು ಕಡಿಮೆಯಾದಾಗ ಒಂದು ಕವಲುದಾರಿ ತಪ್ಪಿದರೆ ಅದು ಹದಿನೆಂಟು ನಿಮಿಷಕ್ಕೆ ಮುಗಿಯುವುದಿಲ್ಲ.

ಶನಿವಾರ ಅರ್ಧ ದಿನದ ಶಾಲೆ. ಸಂಜೆ ಊರ ಹೊರಗಿನ ಬಯಲಿನಲ್ಲಿ ದಿಕ್ಸೂಚಿ ಹಿಡಿದು ನೇರವಾಗಿ ನಡೆಯುವ ಅಭ್ಯಾಸ ಮಾಡಿದೆವು. ಐದು ಡಿಗ್ರಿ ತಪ್ಪಿದರೆ ನಾನೂರು ಮೀಟರ್ ಹೋಗುವಷ್ಟರಲ್ಲಿ ಮೂವತ್ತೈದು ಮೀಟರ್ ಪಕ್ಕಕ್ಕೆ ಸರಿದಿರುತ್ತೇವೆಂದು ತ್ರಿಕೋನಮಿತಿ ಹೇಳುತ್ತದೆ, ನಮ್ಮ ಹೆಜ್ಜೆಗಳೂ ಅದನ್ನೇ ಹೇಳಿದವು. ಪ್ರತಿ ನೂರು ಮೀಟರಿಗೆ ನಿಂತು ಮಗ್ಗಿಯ ಬದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳುವ ರೂಢಿ ಹಾಕಿಕೊಂಡೆ: ಈಗ ನಾನು ನಿಂತಿರುವ ಜಾಗ ನಾನಂದುಕೊಂಡದ್ದಲ್ಲ ಎಂದಾದರೆ, ಅದನ್ನು ಹೇಳಬಲ್ಲ ಗುರುತು ಯಾವುದು? ಒಪ್ಪುವ ಗುರುತುಗಳು ಕೇಳದೆಯೇ ಸಿಗುತ್ತವೆ, ಒಪ್ಪದವುಗಳನ್ನು ಹುಡುಕಬೇಕು.

ಭಾನುವಾರಕ್ಕೆ ಊರಿನ ಕೋಟೆ. ಯಾದವಗಿರಿಯೇ ಯಾದಗಿರಿಯಾಯಿತೆಂದು ಹಿರಿಯರು ಹೇಳುವ ಈ ಊರಿನ ನೆತ್ತಿಯ ಮೇಲೆ, ಒಂದೇ ಬಂಡೆಬೆಟ್ಟದ ಸುತ್ತ ಸುತ್ತುಸುತ್ತಾಗಿ ಕಟ್ಟಿದ ಗೋಡೆಗಳಿವೆ, ಮೇಲೆ ನೀರಿನ ಹೊಂಡಗಳಿವೆ, ತೋಪುಗಳಿವೆ. ಬುಡದಿಂದ ತುದಿಗೆ ಏರು ನೂರು ಮೀಟರಿನ ಆಸುಪಾಸು. ಅದನ್ನು ಹತ್ತು ಸಲ ಹತ್ತಿ ಇಳಿದರೆ ಸಾವಿರ ಮೀಟರ್. ಬೆನ್ನಿಗೆ ಎಂಟು ಕಿಲೋ ತೂಕದ ಚೀಲ ಹಾಕಿಕೊಂಡು ಐದೂಮುಕ್ಕಾಲಿಗೆ ಶುರು ಮಾಡಿದೆವು. ಹತ್ತಲು ಹದಿನಾಲ್ಕು ನಿಮಿಷ, ಇಳಿಯಲು ಹನ್ನೊಂದು. ಎರಡನೆಯ ಸುತ್ತಿಗೆ ಪೂರ್ವದಲ್ಲಿ ಬೆಳಕು ಹರಿಯಿತು, ಮೂರನೆಯದಕ್ಕೆ ಹೊತ್ತು ಮೂಡಿ ಊರಿನ ಮಾಳಿಗೆಗಳ ಮೇಲೆ ಬಿಸಿಲು ಬಂದಿತು.

ಹತ್ತುವುದಕ್ಕಿಂತ ಇಳಿಯುವುದಕ್ಕಾಗಿಯೇ ನಾನು ಈ ಅಭ್ಯಾಸವನ್ನು ಇಟ್ಟುಕೊಂಡಿದ್ದೆ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತ ಮೈಯನ್ನು ಎತ್ತುತ್ತದೆ, ಉಸಿರು ಹತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಭಾರವನ್ನು ತಡೆದುಕೊಳ್ಳುತ್ತಲೇ ಹಿಗ್ಗಬೇಕು; ಉಸಿರಿಗೆ ಅದು ಸುಲಭವೆನಿಸಿದರೂ ಎಳೆಗಳಿಗೆ ಹೆಚ್ಚು ಪೆಟ್ಟು ಬೀಳುವುದು ಆಗಲೇ, ಮರುದಿನ ಮತ್ತು ಅದರ ಮರುದಿನ ನೋವು ಏರುವುದೂ ಅದರಿಂದಲೇ. ಆದರೆ ಒಮ್ಮೆ ಆ ಪೆಟ್ಟು ತಿಂದ ಸ್ನಾಯು ಕೆಲವು ವಾರಗಳ ಮಟ್ಟಿಗೆ ಅದೇ ಪೆಟ್ಟಿಗೆ ಅಷ್ಟು ನೋಯುವುದಿಲ್ಲ. ಜನವರಿಯ ಕೊನೆಯಲ್ಲಿ ಇಳಿಯಬೇಕಾದವರು ಡಿಸೆಂಬರ್ ಕೊನೆಯಲ್ಲಿ ಇಳಿದಿರಬೇಕೆಂಬ ಲೆಕ್ಕ ಅಲ್ಲಿಂದ ಬಂದದ್ದು. ಹೆಜ್ಜೆಗಳನ್ನು ಚಿಕ್ಕದಾಗಿಸಿ, ಮಂಡಿಯನ್ನು ತುಸು ಬಾಗಿಸಿಯೇ ಇಟ್ಟುಕೊಂಡು, ಹಿಮ್ಮಡಿಯಿಂದ ಕುಕ್ಕದೆ ಇಳಿಯಬೇಕು. ಆರನೆಯ ಸುತ್ತಿನಿಂದ ಮಂಡಿಯಲ್ಲಿ ಸಣ್ಣ ಚಳಕು ಕಾಣಿಸಿದ್ದರಿಂದ ಹುಡುಗ ಹೇಳಿದಂತೆ ಚೀಲದ ಬಾಟಲಿಗಳ ನೀರನ್ನು ಮೇಲೆ ಒಂದು ಬೇವಿನ ಗಿಡದ ಬುಡಕ್ಕೆ ಸುರಿದು ಹಗುರವಾಗಿ ಇಳಿದೆ, ಕೆಳಗೆ ಮತ್ತೆ ತುಂಬಿಸಿಕೊಂಡೆ.

ಮಗ್ಗಿ ಎಂಟನೆಯ ಇಳಿಯುವಿಕೆಯಲ್ಲಿ ತಪ್ಪಿತು. ಈ ಸಲ ತಪ್ಪಿದ್ದು ನನಗೆ ಕೇಳಿಸಿತು. ಕೂಡಲೇ ನಿಂತೆ. ಗೋಡೆಗೆ ಒರಗಿ, ಒಂದು ಶೇಂಗಾ ಉಂಡಿ ತಿಂದು, ನೀರು ಕುಡಿದು, ಎದುರಿಗೆ ಕಾಣುವ ಐದು ವಸ್ತುಗಳು ಯಾವ ದಿಕ್ಕಿನಲ್ಲಿವೆ ಎಂದು ಹೇಳಿದೆ, ಹುಡುಗ ದಿಕ್ಸೂಚಿಯಿಂದ ತಾಳೆ ನೋಡಿದ. ಮೂರು ನಿಮಿಷದ ಆ ನಿಲುಗಡೆಯ ನಂತರ ಮಗ್ಗಿ ಮತ್ತೆ ಹತ್ತರವರೆಗೆ ಸರಿಯಾಗಿ ಬಂದಿತು. ಉಳಿದ ಎರಡು ಸುತ್ತುಗಳನ್ನು ಸ್ವಲ್ಪ ನಿಧಾನವಾಗಿ ಮುಗಿಸಿ ಹತ್ತೂಕಾಲಿಗೆ ಕೆಳಗೆ ಬಂದೆವು. ಮನೆಗೆ ಬಂದು ಸೂಸ್ಲಾ, ಮಿರ್ಚಿ ತಿಂದು ಮಲಗಿದವಳು ಎದ್ದದ್ದು ನಾಲ್ಕಕ್ಕೆ.

ಸೋಮವಾರ ಎಳ್ಳಮಾವಾಸ್ಯೆ. ಮೈದುನನ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬಿಳಿಜೋಳದ ಹೊಲದ ಬದುವಿನ ಮೇಲೆ ಸಾಲಾಗಿ ಕುಳಿತು ಸಜ್ಜಿ ಕಡಬು, ಭಜ್ಜಿ, ಅಂಬಲಿ ಉಂಡೆವು. ಬದುವಿಗೆ ಏರಿ ಇಳಿಯುವಾಗ ತೊಡೆ ನೋಯುತ್ತಿತ್ತು, ಆದರೆ ಗುರುವಾರದಷ್ಟಲ್ಲ. ಊಟದ ನಂತರ ಹುಡುಗ ಕಂಬಳಿಯ ಮೇಲೆ ಗುಡ್ಡದ ನಕ್ಷೆಯನ್ನು ಹಾಸಿದ. ನಾಲ್ಕನೆಯ ಗುರುತಿನ ಸುತ್ತ ನೋಡುತ್ತ ಕುಳಿತಾಗ ನನಗೆ ಕಾಣಿಸಿದ್ದು ಎರಡು ಹಳ್ಳಗಳು ಒಂದೇ ಬಗೆಯ ಕಂದು ಗೆರೆಗಳಲ್ಲಿ ಮಾತ್ರ ಇದ್ದವು ಎಂಬುದು. ನಾನು ಅಳೆಯಲು ಹೋದಾಗ ಎರಡೂ ಒಣಗಿದ್ದವು, ಆದ್ದರಿಂದ ನೀರಿನ ಗೆರೆಯನ್ನೇ ಹಾಕಿರಲಿಲ್ಲ. ಮಳೆಗಾಲದಲ್ಲಿ ಮಾತ್ರ ಹರಿಯುವ ತೊರೆಗೂ ನಕ್ಷೆಯಲ್ಲಿ ನೀಲಿ ತುಂಡುಗೆರೆಯ ಗುರುತಿದೆ, ಅದು ನನಗೆ ಗೊತ್ತಿದ್ದೂ ಬಿಟ್ಟಿದ್ದೆ. ಕುರಿ ಕಾಯುವ ಆ ಹಿರಿಯರು ಎರಡು ಹಳ್ಳಗಳನ್ನು ಬೇರೆ ಮಾಡುತ್ತಿದ್ದದ್ದು ಅದರಿಂದಲೇ. ಹುಡುಗನ ಡಬ್ಬಿಯಿಂದ ನೀಲಿ ಪೆನ್ಸಿಲ್ ತೆಗೆದುಕೊಂಡು, ದೊಡ್ಡ ಬಂಡೆಯ ಮೇಲಿನಿಂದ ಕೆರೆಯ ಅಂಚಿನವರೆಗೆ ತುಂಡುಗೆರೆ ಎಳೆದು, ಅದರ ಗುಂಟ "ಕೆರಿ ಹಳ್ಳ" ಎಂದು ಬರೆದೆ.